ಸಲಹೆ ಪೆಟ್ಟಿಗೆಯ ಬೀಗದ ಕೈ

ಪೆಟ್ಟಿಗೆ ಬಂದದ್ದು ಒಂದು ಸೋಮವಾರ.
ಕಟಪಾಡಿಯ ನಮ್ಮ ಗೇರುಬೀಜದ ಕಾರ್ಖಾನೆಗೆ
ಸಣ್ಣ ಧಣಿ ಯಾವುದೋ ತರಬೇತಿ ಮುಗಿಸಿ
ಕಂಕುಳಲ್ಲಿ ಹಿಡಿದು ತಂದ ತಗಡಿನ ಪೆಟ್ಟಿಗೆ,
ಹಸಿರು ಬಣ್ಣ, ಮೇಲೊಂದು ಸೀಳು,
ಬಿಳಿ ಅಕ್ಷರದಲ್ಲಿ: ಹೊಸತನ್ನು ಯೋಚಿಸಿ.
ಬೀಗದ ಕೈ ನನ್ನ ಪಾಲಿಗೆ.
ಮೇಸ್ತ್ರಿ ನಾನು. ಹತ್ತೊಂಬತ್ತು ವರ್ಷದಿಂದ
ಇಲ್ಲಿಯ ಎಲ್ಲ ಬೀಗದ ಕೈಗಳೂ ನನ್ನ ಸೊಂಟದಲ್ಲೇ.

ಮೊದಲ ವಾರ ಬಿದ್ದದ್ದು
ಬಸ್ಸಿನ ಟಿಕೇಟು ಎರಡು, ತಲೆಯ ಪಿನ್ನೊಂದು,
'ಹೆಂಗಸರ ಪಾಯಿಖಾನೆಗೆ ಚಿಲಕ ಇಲ್ಲ' ಎಂಬ ಚೀಟಿ.
(ಅದು ಹೊಸತಲ್ಲ, ಮೂರು ವರ್ಷ ಹಳತು.)
ಎರಡನೆಯ ವಾರ ಒಂದು ಬಟ್ಟೆಯ ತುಂಡು,
ನೀಲಿ ಗೆರೆಯ ಬೈರಾಸಿನದ್ದು, ಮಡಚಿ ತುರುಕಿದ್ದು.
ಹೆಸರಿಲ್ಲ, ಅಕ್ಷರವಿಲ್ಲ.
ಸಣ್ಣ ಧಣಿ ನಕ್ಕರು: 'ಯಾರದೋ ತಮಾಷೆ.'
ನನಗೆ ನಗು ಬರಲಿಲ್ಲ.
ಆ ಬೈರಾಸಿನ ಗುರುತು ನನಗುಂಟು.

ದೀಪಾವಳಿ ಕಳೆದು ಸಿಪ್ಪೆ ಸುಲಿಯುವ ಯಂತ್ರ ಬಂದಾಗ
ನಲವತ್ತು ಹೆಂಗಸರು, ಎಂಬತ್ತು ಕೈ,
ಎಲ್ಲಿಡುವುದೆಂದು ತಿಳಿಯದೆ ಮಡಿಲಲ್ಲಿ.
ಯಂತ್ರ ಗಾಳಿ ಉಗುಳಿ ಸುಲಿಯುತ್ತಿತ್ತು, ಚೆನ್ನಾಗಿಯೇ;
ಬಾಯಿಂದ ಸ್ಟೀಲಿನ ಟ್ರೇಗೆ ಬೀಳುವಾಗ ಮಾತ್ರ ಟಣ್.
ಆ ಟಣ್ಣಿನೊಳಗೆ ಇಡಿ ಬೀಜ ಹೋಳಾಗುವ ಸದ್ದು
ನಮ್ಮ ಯಾರ ಕಿವಿಗೂ ಬೀಳಲಿಲ್ಲ,
ವಾರಿಜಳಿಗೆ ಬಿತ್ತು.
ಇಡಿಗೊಂದು ದರ, ಹೋಳಿಗೊಂದು ದರ,
ಇಪ್ಪತ್ತೆರಡು ವರ್ಷ ಆ ಎರಡರ ನಡುವೆ
ಉಗುರ ತುದಿಯಲ್ಲಿ ನಡೆದವಳು.
ಹೆಗಲ ಬೈರಾಸು ತೆಗೆದು ಯಂತ್ರದ ಬಾಯಿಗೆ
ತೊಟ್ಟಿಲ ಹಾಗೆ ಕಟ್ಟಿದಳು.
ಬೀಜಗಳು ಜಾರಿ ಇಳಿದವು,
ನಿದ್ದೆ ಹೋದ ಮಗುವನ್ನು ಚಾಪೆಗೆ ಇಳಿಸಿದ ಹಾಗೆ.

ನಾನು ಹೋಗಿ ಕಿತ್ತೆ.
'ನೂಲು ಸೇರಿದರೆ? ರಫ್ತಿನ ಮಾಲು, ತಿಳೀತದಾ?'
ಹೇಳಿದ್ದು ಸುಳ್ಳಲ್ಲ. ನಿಯಮ ಇವತ್ತಿಗೂ ಅದೇ.
ಒಂದು ಪ್ರಶ್ನೆ ಮಾತ್ರ ಬಾಯಲ್ಲೇ ಉಳಿಯಿತು:
ಎಂಥಕ್ಕೆ ಕಟ್ಟಿದ್ದು ವಾರಿಜಾ?
ಅರ್ಧ ನಿಮಿಷದ ಮಾತು.
ರಿಜಿಸ್ಟರಿನಲ್ಲಿ ಅವಳ ಹೆಸರಿನ ಮುಂದೆ
ಕೆಂಪು ಗೆರೆ ಎಳೆಯಲು ಹಿಡಿದದ್ದು ಅದಕ್ಕಿಂತ ಹೆಚ್ಚು.

ಈಗ ಆ ತುಂಡು ಹಿಡಿದು ಅವಳೆದುರು ನಿಂತೆ.
'ಇದು ಎಂಥ?'
'ನಿಮಗೆ ಗೊತ್ತುಂಟಲ್ಲ.'
ತುಸು ತಡೆದು,
'ನೂಲು ಬಾರದ ಹಾಗೆ ಮಾಡ್ಲಿಕ್ಕಾಗ್ತದೆ,
ನೀವು ಬೈಯದಿದ್ರೆ.'

ಬೈಯದಿರುವುದು ನನಗೂ ಹೊಸ ಕೆಲಸ.
ಬೀಪಾತುಮ್ಮ ಬಾಳೆಲೆ ಹಾಸಿದರು; ಮಧ್ಯಾಹ್ನಕ್ಕೆ ಬಾಡಿತು.
ಹಾಳೆ ಕಟ್ಟಿದೆವು, ನಾರು ಬಿಟ್ಟಿತು.
ಮೂರನೆಯದು ಹೇಳುವುದು ಬೇಡ,
ಅರ್ಧ ಡಬ್ಬ ಬೀಜ ನೆಲಕ್ಕೆ,
ಅದು ನನ್ನದೇ ಐಡಿಯಾ.
ಎಲ್ಲರೂ ನಕ್ಕರು ಮಾರಾಯ್ರೆ!
ಹತ್ತೊಂಬತ್ತು ವರ್ಷದಲ್ಲಿ ನನ್ನೆದುರು
ಅವರ ಹಲ್ಲು ಕಂಡದ್ದು ಅವತ್ತೇ.
ಆ ನಷ್ಟವನ್ನು ಯಾರ ಹೆಸರಿಗೂ ಬರೆಯಲಿಲ್ಲ.
ಬರೆಯಲು ಹೋದರೆ ಮೊದಲು ನನ್ನ ಹೆಸರೇ.

ಕೊನೆಗೆ ಫಿಟ್ಟರ್ ವಲೇರಿಯನ್ ತಗಡು ಬಗ್ಗಿಸಿ
ವಾರಿಜ ಅಂಗೈಯಲ್ಲಿ ತೋರಿಸಿದ ಓರೆಗೆ ಬೆಸೆದ.
ನಕಾಶೆ ಕಾಗದದಲ್ಲಿಲ್ಲ, ಆ ಅಂಗೈಯೇ.
ಟಣ್ ನಿಂತಿತು.
ಪೂರ್ತಿ ಅಲ್ಲ, ಆಗಾಗ ಟಿಕ್ ಎನ್ನುತ್ತದೆ,
ಅದಕ್ಕೂ ಎಂಥದೋ ಮಾಡಬಹುದಂತೆ.

ಸಣ್ಣ ಧಣಿ ಶಾಲು ಹೊದಿಸಿ ಭಾಷಣ ಮಾಡಿದರು,
ಬದಲಾವಣೆ, ಪಾಲುದಾರಿಕೆ, ಇತ್ಯಾದಿ.
ವಾರಿಜ ಶಾಲನ್ನು ನಾಲ್ಕು ಮಡಿಕೆ ಮಾಡುತ್ತ ಕೇಳಿದಳು:
'ಚಿಲಕ ಯಾವಾಗ?'
ಮರುದಿನ ಬಂತು ಚಿಲಕ.
ಆಮೇಲೆ ಪೆಟ್ಟಿಗೆಗೆ ಬೀಗ ಹಾಕಿದ ನೆನಪಿಲ್ಲ;
ಯಾರೋ ಅದರಲ್ಲಿ ಊಟದ ಬುತ್ತಿ ಇಡುತ್ತಾರೆ.

ಬರುವ ತಿಂಗಳು ಇನ್ನೊಂದು ಯಂತ್ರ,
ಬಣ್ಣ ನೋಡಿ ಬೀಜ ಆರಿಸುವುದಂತೆ, ಕಣ್ಣಿರುವುದು.
ಸುದ್ದಿ ಹೇಳಿದೆ. ಮೌನ.
ಎಂಬತ್ತು ಕೈಗಳು ಮತ್ತೆ ಮಡಿಲಿಗೆ ಹೋಗುವ ಮೊದಲು
ಹಿಂದಿನ ಸಾಲಿಂದ ಒಂದು ದನಿ:
'ಅದರ ಬಾಯಿ ನೆಲದಿಂದ ಎಷ್ಟು ಎತ್ತರ?'

ಗೊತ್ತಿಲ್ಲ ಎಂದೆ.
ಕೈಪಿಡಿಯ ಅರುವತ್ತು ಪುಟ ಮಗುಚಿದೆ, ಅಲ್ಲೂ ಇಲ್ಲ.
ಕಂಪೆನಿಗೆ ಫೋನು ಹಚ್ಚಿ ಕಾಯುತ್ತಿದ್ದೇನೆ,
ಪಕ್ಕದಲ್ಲಿ ವಾರಿಜ,
ಕೈಯಲ್ಲಿ ಅಳತೆಯ ಟೇಪು.